ಮೂರನೇ ಕಾಲಿನ ಭಾರ ಯಾರ ಖಾತೆಗೆ?

ಟ್ರೆಕ್ಕಿಂಗ್‌ಗೆ ಒಯ್ಯಲು ಅಗ್ಗದ, ಹಗುರವಾದ ಟ್ರೈಪಾಡ್ ಬೇಕು ಅಂತ ಮುಂಬಯಿಯ ಯಾವ ಕ್ಯಾಮೆರಾ ಅಂಗಡಿಗೆ ಹೋದರೂ ಒಂದು ಸಿದ್ಧ ಉತ್ತರ ಸಿಗುತ್ತೆ. ಹೇಳುವುದು ಹಿಂದಿಯಲ್ಲಿ, ಅರ್ಥ ಇಷ್ಟು: "ಅಗ್ಗ, ಹಗುರ, ಗಟ್ಟಿ. ಮೂರರಲ್ಲಿ ಎರಡು ಆರಿಸಿಕೊಳ್ಳಿ ಸಾಹೇಬರೇ, ಮೂರೂ ಒಟ್ಟಿಗೆ ಬರೋಲ್ಲ."

ಮಾತು ಸುಳ್ಳಲ್ಲ. ಆದರೆ ಬಿ.ಕಾಂ. ಓದಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡಿಕೊಂಡು ಬಂದ ನನ್ನಂಥವನಿಗೆ ಇಲ್ಲಿ ಒಂದು ನಮೂದು ಬಿಟ್ಟುಹೋಗಿದೆ ಅನ್ನಿಸುತ್ತೆ. ಭಾರ ಅಂದರೆ ಯಾರಿಗೆ ಭಾರ? ಹೊರುವವರು ಯಾರು? ಬೆಲೆಚೀಟಿಯಲ್ಲಿ ರೂಪಾಯಿ ಇರುತ್ತೆ, ಗ್ರಾಮ್ ಇರುತ್ತೆ, ಹೊತ್ತವನ ಹೆಸರು ಇರೋಲ್ಲ. ಬೆಟ್ಟದ ಫೋಟೋಗಳ ನೂರಾ ಅರವತ್ತು ವರ್ಷಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡು ಓದಿದರೆ ಬೇರೆಯೇ ಲೆಕ್ಕ ಕಾಣಿಸುತ್ತೆ. ಇವತ್ತು ಅದನ್ನೇ ಬರೆಯುತ್ತಿದ್ದೇನೆ. ಕೊನೆಗೆ ಯಾವುದನ್ನು ಕೊಳ್ಳಬೇಕು ಅಂತಲೂ ಹೇಳುತ್ತೇನೆ, ಗಾಬರಿ ಬೇಡ.

ಮೊದಲು, ಮೂರೇ ಕಾಲು ಯಾಕೆ? ನಾಲ್ಕು ಕಾಲಿನ ಮೇಜು ಸಮ ಇಲ್ಲದ ನೆಲದಲ್ಲಿ ಕುಂಟುತ್ತೆ, ಒಂದು ಕಾಲಿನ ಕೆಳಗೆ ಕಾಗದ ಮಡಚಿ ಇಡಬೇಕಾಗುತ್ತೆ. ಮೂರು ಕಾಲಿನದು ಎಂಥ ಏರುತಗ್ಗಿನಲ್ಲೂ ಕುಂಟೋಲ್ಲ. ಮೂರು ಬಿಂದುಗಳ ಮೂಲಕ ಒಂದು ಸಮತಲ ಯಾವಾಗಲೂ ಹಾದುಹೋಗುತ್ತೆ ಅನ್ನುವುದು ಹೈಸ್ಕೂಲಿನ ರೇಖಾಗಣಿತ. ಅದನ್ನು ಓದದ ನಮ್ಮ ಅಜ್ಜಿಯರೂ ಮೂರು ಗುಂಡುಕಲ್ಲು ಇಟ್ಟೇ ಒಲೆ ಹೂಡುತ್ತಿದ್ದರು. ಬಾದಾಮಿಯ ಮೊದಲನೇ ಗುಹೆಗೆ ಹೋದವರು ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ನಿಂತ ಭೃಂಗಿಯನ್ನು ನೋಡಿರುತ್ತೀರಿ. ಪಾರ್ವತಿಗೆ ಪ್ರದಕ್ಷಿಣೆ ಹಾಕಲು ಒಪ್ಪದೆ ರಕ್ತಮಾಂಸ ಕಳೆದುಕೊಂಡು ನಿಲ್ಲಲಾರದೇ ಹೋದಾಗ ಶಿವ ಅವನಿಗೆ ಮೂರನೇ ಕಾಲು ಕೊಟ್ಟ ಅನ್ನುತ್ತೆ ಕಥೆ. ಮೈಯೆಲ್ಲ ಬರೀ ಎಲುಬು, ಕಾಲು ಮೂರು... ಲೋಕದ ಮೊದಲ ಲೈಟ್‌ವೇಟ್ ಟ್ರೈಪಾಡ್ ಇವನೇ ಇರಬೇಕು!

ಇರಲಿ, ವಿಷಯಕ್ಕೆ ಬರೋಣ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಫೋಟೋ ತೆಗೆಯುವ ಹೊಸ ವಿಧಾನವೊಂದನ್ನು ಪ್ರಕಟಿಸಿದ. ಗಾಜಿನ ಮೇಲೆ ಕೊಲೋಡಿಯನ್ ಅನ್ನುವ ಅಂಟು ದ್ರವ ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಒದ್ದೆ ಇರುವಾಗಲೇ ಕ್ಯಾಮೆರಾದಲ್ಲಿಟ್ಟು ಚಿತ್ರ ತೆಗೆದು, ಒಣಗುವ ಮುಂಚೆ ತೊಳೆಯಬೇಕು. ಅಂದರೆ ಎಲ್ಲಿ ಫೋಟೋ ತೆಗೆಯುತ್ತೀರೋ ಅಲ್ಲೇ ಕತ್ತಲೆಯ ಡೇರೆ, ರಾಸಾಯನಿಕಗಳ ಬಾಟಲಿ, ತಟ್ಟೆ, ನೀರು, ಗಾಜು ಎಲ್ಲ ಇರಬೇಕು. ಬೆಳಕು ಬೀಳಬೇಕಾದದ್ದು ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳು. ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ. ಆಗ ಟ್ರೈಪಾಡ್ ಬೇಕೋ ಬೇಡವೋ ಅನ್ನುವ ಆಯ್ಕೆ ಇರಲಿಲ್ಲ. ದಪ್ಪ ಮರದ ಮೂರು ಕಾಲು ಇಲ್ಲದೆ ಫೋಟೋನೇ ಇಲ್ಲ.

ಇಷ್ಟೆಲ್ಲ ಸಾಮಾನು ಬೆಟ್ಟ ಹತ್ತುವುದು ಹೇಗೆ? 1861ರ ಜುಲೈನಲ್ಲಿ ಫ್ರಾನ್ಸಿನ ಆಗುಸ್ತ್-ರೊಸಾಲಿ ಬಿಸ್ಸೋಂ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ತುದಿ ಮುಟ್ಟಿ ಫೋಟೋ ತೆಗೆದ. ಸಾಮಾನು ಹೊರಲು 25 ಜನ. ಹಿಮ ಕರಗಿಸಿ, ಆ ನೀರಿನಲ್ಲಿ ಗಾಜು ತೊಳೆದದ್ದು. ಕೈಗೆ ಬಂದ ಚಿತ್ರ ಮೂರು. ಲೆಕ್ಕ ಹಾಕಿ, ಒಂದೊಂದು ಚಿತ್ರಕ್ಕೆ ಎಂಟು ಜನರ ಬೆನ್ನು.

ಇನ್ನು ನಮ್ಮ ದೇಶದ ಕಥೆ. ಇದರ ನಾಯಕ ನಮ್ಮ ಬಿರಾದರಿಯವನೇ. ಸ್ಯಾಮ್ಯುಯೆಲ್ ಬೋರ್ನ್ ಅಂತ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬ್ಯಾಂಕ್ ಗುಮಾಸ್ತ. ಕೆಲಸ ಬಿಟ್ಟು 1863ರಲ್ಲಿ ಕಲ್ಕತ್ತಾಗೆ ಬಂದಿಳಿದ. (ನಮ್ಮಲ್ಲಿ ಕ್ಯಾಮೆರಾ ಹುಚ್ಚಿಗೆ ಬ್ಯಾಂಕಿನ ನೌಕರಿ ಬಿಡುತ್ತೇನೆ ಅಂದರೆ ಮನೆಯಲ್ಲಿ ಏನಾಗುತ್ತೆ ಅಂತ ಬರೆಯಬೇಕಾಗಿಲ್ಲ.) ಶಿಮ್ಲಾದಲ್ಲಿ ನೆಲೆ ನಿಂತು, ಅದೇ ವರ್ಷ ಹತ್ತು ವಾರ ಹಿಮಾಲಯ ಸುತ್ತಿದ. 1864ರಲ್ಲಿ ಕಾಶ್ಮೀರ. 1866ರಲ್ಲಿ ಸ್ಪಿತಿಯ ಕಡೆ ಹೋಗಿ, ಸುಮಾರು 18,600 ಅಡಿ ಎತ್ತರದ ಮನಿರಂಗ್ ಕಣಿವೆದಾರಿ ಹತ್ತಿ ಅಲ್ಲಿ ಕ್ಯಾಮೆರಾ ನಿಲ್ಲಿಸಿದ. ಅಷ್ಟು ಎತ್ತರದಲ್ಲಿ ತೆಗೆದ ಫೋಟೋ ಎಂಬ ದಾಖಲೆಯನ್ನು ಮುಂದೆ ಸುಮಾರು ಇಪ್ಪತ್ತು ವರ್ಷ ಯಾರೂ ಮುರಿಯಲಿಲ್ಲ. ಅದೇ ಯಾತ್ರೆಯಲ್ಲಿ ಗಂಗೆಯ ಮೂಲವಾದ ಗೋಮುಖವನ್ನೂ ಚಿತ್ರದಲ್ಲಿ ಹಿಡಿದ. ಆತ ಚಾರ್ಲ್ಸ್ ಶೆಫರ್ಡ್ ಜೊತೆ ಕಟ್ಟಿದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಕಲ್ಕತ್ತಾದಲ್ಲಿ 2016ರವರೆಗೂ ನಡೆಯಿತು.

ಬೋರ್ನ್‌ನ ಹಿಮಾಲಯದ ಚಿತ್ರಗಳು ಇವತ್ತಿಗೂ ಕಣ್ಣು ಕಟ್ಟುತ್ತವೆ. ಗಾಜಿನ ನೆಗೆಟಿವ್ 12 ಇಂಚು ಉದ್ದ, 10 ಇಂಚು ಅಗಲ. ಒಂದೊಂದು ದೇವದಾರು ಎಲೆ ಎಣಿಸಬಹುದು ಅನ್ನುವಷ್ಟು ಸ್ಪಷ್ಟ. ಆದರೆ ಮೊದಲ ಯಾತ್ರೆಗೆ ಆತ ಕರೆದೊಯ್ದ ಕೂಲಿಗಳು ಸುಮಾರು ಮೂವತ್ತು, ಮುಂದಿನ ಯಾತ್ರೆಗಳಲ್ಲಿ ಇನ್ನೂ ಹೆಚ್ಚು. ಯಾತ್ರೆಯ ವಿವರಗಳನ್ನು ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ ಪತ್ರಿಕೆಗೆ ತಾನೇ ಬರೆದ. ಕೂಲಿಗಳು ಹೊರೆ ಬಿಟ್ಟು ಓಡಿಹೋದದ್ದು, ಹಳ್ಳಿಯಲ್ಲಿ ಅಡಗಿದ್ದವರನ್ನು ಹುಡುಕಿ ಕೋಲಿನಿಂದ ಬಾರಿಸಿದ್ದು ಅವನದೇ ಬರಹದಲ್ಲಿದೆ, ಏನೂ ಸಂಕೋಚ ಇಲ್ಲದೆ. ಅವನ ಚಿತ್ರಗಳ ಮೂಲೆಯಲ್ಲಿ ಕೆಲವು ಕಡೆ ಸ್ಥಳೀಯರು ಕೂತಿರುತ್ತಾರೆ, ಬೆಟ್ಟ ಎಷ್ಟು ದೊಡ್ಡದು ಅಂತ ತೋರಿಸಲು ಅಳತೆಗೋಲಿನ ಹಾಗೆ. ಹೆಸರು ಇಲ್ಲ.

ಹಗುರವಾದ ದಾರಿ ಆಗ ಇರಲೇ ಇಲ್ಲ ಅಂತಲ್ಲ. ಬೋರ್ನ್‌ಗಿಂತ ಒಂಬತ್ತು ವರ್ಷ ಮುಂಚೆ, 1854ರಲ್ಲಿ, ಮದ್ರಾಸ್ ಸೈನ್ಯದ ಲಿನಿಯಸ್ ಟ್ರೈಪ್ ನಮ್ಮ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದದ್ದು ಮೇಣ ಸವರಿದ ಕಾಗದದ ನೆಗೆಟಿವ್ ಮೇಲೆ. ಕಾಗದ ಹಗುರ, ಒಡೆಯೋಲ್ಲ, ಮುಂಚೆಯೇ ತಯಾರಿಸಿ ಇಟ್ಟುಕೊಳ್ಳಬಹುದು, ಸ್ಥಳದಲ್ಲೇ ತೊಳೆಯುವ ಅವಸರವೂ ಇಲ್ಲ. ಆದರೆ ಗಾಜಿನಷ್ಟು ನಯವಾದ ಚಿತ್ರ ಬರೋಲ್ಲ. ಬೋರ್ನ್ ಗಾಜನ್ನೇ ಆರಿಸಿಕೊಂಡ. ಗುಣಮಟ್ಟ ಅವನ ಖಾತೆಗೆ ಜಮಾ, ಭಾರ ಇನ್ನೊಬ್ಬರ ಖಾತೆಗೆ ಖರ್ಚು. ಹೊರುವವನ ದಿನಗೂಲಿ ಅಷ್ಟು ಅಗ್ಗವಾಗಿದ್ದಾಗ ಟ್ರೈಪಾಡನ್ನು ಹಗುರ ಮಾಡಬೇಕು ಅಂತ ಯಾರಿಗೆ ತಾನೇ ಹೊಳೆಯುತ್ತೆ? "ಅಗ್ಗ, ಹಗುರ, ಗಟ್ಟಿ" ಸೂತ್ರದಲ್ಲಿ ಆ ಕಾಲಕ್ಕೆ ಅಗ್ಗವಾಗಿದ್ದದ್ದು ಮನುಷ್ಯ.

ಊರ ಕಡೆ ಹಳೇ ದಾರಿಗಳ ಬದಿಯಲ್ಲಿ ಹೊರೆಗಲ್ಲು ಇರುತ್ತಿತ್ತು. ಎದೆಮಟ್ಟದ ಎರಡು ಕಂಬ, ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತವನು ಇನ್ನೊಬ್ಬರ ಸಹಾಯ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸಿಂಬಿ ತೆಗೆದು ಬೆವರು ಒರೆಸಿಕೊಳ್ಳಬಹುದು. ಆ ಕಲ್ಲು ನಿಲ್ಲಿಸಿದವನಿಗೆ ಹೊರೆಯ ಭಾರ ಗೊತ್ತಿತ್ತು. ಬೋರ್ನ್‌ನ ಬರಹ ಓದುವಾಗ ನನಗೆ ಆ ಕಲ್ಲಿನದೇ ನೆನಪು.

ಭಾರ ಇಳಿಯಲು ಶುರುವಾದದ್ದು ರಸಾಯನಶಾಸ್ತ್ರದಿಂದ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಬಳಸಿ ಒಣ ಪ್ಲೇಟು ಮಾಡುವ ದಾರಿ ತೋರಿಸಿದ. ಡೇರೆ, ಬಾಟಲಿಗಳು ಮನೆಯಲ್ಲೇ ಉಳಿದವು. ಆದರೆ ಗಾಜು ಹೋಗಲಿಲ್ಲ, ಮರದ ಕಾಲೂ ಹೋಗಲಿಲ್ಲ. ಇಟಲಿಯ ವಿಟ್ಟೋರಿಯೋ ಸೆಲ್ಲಾ 1899ರಲ್ಲಿ ಕಾಂಚನಜುಂಗಾ ಸುತ್ತಿದಾಗ, 1909ರಲ್ಲಿ ಅಬ್ರುಜಿ ಡ್ಯೂಕನ ಜೊತೆ ಕೆ2 ಬುಡಕ್ಕೆ ಹೋದಾಗ ಫೋಟೋ ತೆಗೆದವನು. ಪರ್ವತಗಳ ಫೋಟೋ ಅಂದರೆ ಇವನದು ಅಂತ ತಿಳಿದವರು ಇಂದಿಗೂ ಹೇಳುತ್ತಾರೆ. ಆಲ್ಪ್ಸ್‌ನಲ್ಲಿ ಹೆಸರು ಮಾಡಿದ ದಿನಗಳಲ್ಲಿ ಈತ ಬಳಸುತ್ತಿದ್ದದ್ದು 30×40 ಸೆಂಟಿಮೀಟರಿನ ಗಾಜಿನ ಪ್ಲೇಟು. ಒಂದೊಂದೂ ಹೆಚ್ಚುಕಡಿಮೆ ಒಂದು ಕಿಲೋ. ಕೆ2 ಯಾತ್ರೆಯಲ್ಲಿ ಹಿಮನದಿಯ ಮೇಲೆ ಹೊರೆ ಹೊತ್ತವರು ನೂರಾರು ಬಾಲ್ಟಿ ಜನ.

ನಿಜವಾದ ಬದಲಾವಣೆ ಬಂದದ್ದು ಫೋಟೋ ತೆಗೆಯುವವನೇ ಹೊರೆ ಹೊರಬೇಕಾಗಿ ಬಂದಾಗ. ಜರ್ಮನಿಯ ಆಸ್ಕರ್ ಬಾರ್ನಾಕ್‌ಗೆ ಬೆಟ್ಟ ಕಾಡು ಸುತ್ತುವ ಆಸೆ, ಆದರೆ ಉಬ್ಬಸದ ಕಾಯಿಲೆ. ದೊಡ್ಡ ಕ್ಯಾಮೆರಾ, ಗಾಜು, ಟ್ರೈಪಾಡ್ ಹೊತ್ತು ಏರುವುದು ಅವನಿಂದ ಆಗುತ್ತಿರಲಿಲ್ಲ, ಕೂಲಿ ಇಡುವ ಶ್ರೀಮಂತನೂ ಅಲ್ಲ. ಲೈಟ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆತ ಸಿನಿಮಾದ 35 ಮಿಲಿಮೀಟರ್ ಫಿಲ್ಮನ್ನು ಬಳಸಿ 1914ರ ಹೊತ್ತಿಗೆ ಜೇಬಿಗೆ ಹಿಡಿಯುವ ಕ್ಯಾಮೆರಾ ಮಾಡಿದ. 1925ರಲ್ಲಿ ಅದು ಲೈಕಾ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನೋಡಿ, ಸಾವಿರಾರು ಕೂಲಿಗಳ ನೋವು ಮಾಡಿಸದ ಕೆಲಸವನ್ನು ಒಬ್ಬ ಎಂಜಿನಿಯರನ ಏದುಸಿರು ಮಾಡಿಸಿತು. ಭಾರ ತನ್ನದೇ ಖಾತೆಗೆ ಬಿದ್ದ ದಿನ ಮನುಷ್ಯನಿಗೆ ಬುದ್ಧಿ ಓಡುತ್ತೆ.

ಆದರೂ ಟ್ರೈಪಾಡ್ ಸಾಯಲಿಲ್ಲ. 1927ರ ಏಪ್ರಿಲ್ 10ರಂದು ಅಮೆರಿಕದ ಆನ್ಸೆಲ್ ಆಡಮ್ಸ್ ಯೊಸೆಮಿಟಿ ಕಣಿವೆಯಲ್ಲಿ ಹಾಫ್ ಡೋಮ್ ಎಂಬ ಬಂಡೆಯ ಎದುರು ನಿಂತಿದ್ದ. ಬೆನ್ನ ಮೇಲೆ ಕ್ಯಾಮೆರಾ, ಒಂದು ಡಜನ್ ಗಾಜಿನ ಪ್ಲೇಟು, ಜೊತೆಗೆ ಮರದ ಟ್ರೈಪಾಡ್. ಹಿಮದಲ್ಲಿ ಹೊತ್ತು ಏರಿದ್ದು ತಾನೇ. ಕೊನೆಗೆ ಉಳಿದದ್ದು ಎರಡು ಪ್ಲೇಟು. ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿ ಐದು ಸೆಕೆಂಡು ಬೆಳಕು ಬಿಟ್ಟ. ನೀಲಿ ಆಕಾಶ ಕಪ್ಪಾಗಿ, ಬಂಡೆ ಎದ್ದು ನಿಂತಿತು. ಅವನಿಗೆ ಹೆಸರು ತಂದ ಚಿತ್ರ ಅದು. ಐದು ಸೆಕೆಂಡು ಉಸಿರು ಬಿಗಿಹಿಡಿದು ಕೈಯಲ್ಲಿ ಹಿಡಿಯಲು ಯಾರಿಗೂ ಸಾಧ್ಯವಿಲ್ಲ. ಹೊತ್ತದ್ದು ಸಾರ್ಥಕ ಅನ್ನಿಸುವುದು ಇಂಥ ಕಡೆ.

1953ರ ಮೇ 29. ಎವರೆಸ್ಟ್ ತುದಿಯ ಆ ಫೋಟೋ ಎಲ್ಲರೂ ನೋಡಿದ್ದೀರಿ. ಹಿಮಗೊಡಲಿ ಎತ್ತಿ ಹಿಡಿದು ನಿಂತವರು ಟೆನ್ಸಿಂಗ್ ನೋರ್ಗೆ. ತೆಗೆದವರು ಎಡ್ಮಂಡ್ ಹಿಲರಿ, ಕೊಡಾಕ್ ರೆಟಿನಾ ಎಂಬ ಪುಟ್ಟ ಕ್ಯಾಮೆರಾದಲ್ಲಿ, ಕೈಯಲ್ಲಿ ಹಿಡಿದು. ತುದಿಯಲ್ಲಿ ಹಿಲರಿಯವರದು ಒಂದೂ ಫೋಟೋ ಇಲ್ಲ. ಟೆನ್ಸಿಂಗ್‌ಗೆ ಕ್ಯಾಮೆರಾ ಕಲಿಸಲು ಅದು ತಕ್ಕ ಜಾಗ ಆಗಿರಲಿಲ್ಲ ಅಂತ ಹಿಲರಿ ಹೇಳಿದರು. ನಿಮ್ಮದು ತೆಗೆಯುತ್ತೇನೆ ಅಂತ ಸನ್ನೆ ಮಾಡಿದೆ, ಬೇಡ ಅಂತ ತಲೆಯಾಡಿಸಿದರು ಅಂತ ಟೆನ್ಸಿಂಗ್ ಹೇಳಿದರು. ಏನೇ ಇರಲಿ, ನನಗೆ ಈ ಫೋಟೋದ ಮಹತ್ವವೇ ಬೇರೆ. ಹೊರೆ ಹೊರುವ ಕೆಲಸದಿಂದ ಬೆಟ್ಟಕ್ಕೆ ಬಂದ ಸಮುದಾಯದ ಒಬ್ಬರು ಚಿತ್ರದ ನಟ್ಟನಡುವೆ, ಹೆಸರಿನ ಸಮೇತ ನಿಂತಿದ್ದಾರೆ. ಬೋರ್ನ್‌ನ ಕಾಲದಿಂದ ಇಲ್ಲಿಗೆ ತೊಂಬತ್ತು ವರ್ಷ ಬೇಕಾಯಿತು.

ಆಮೇಲಿನದು ಕಾರ್ಖಾನೆಗಳ ಕಥೆ. ಮರ ಹೋಗಿ ಅಲ್ಯುಮಿನಿಯಂ ಕೊಳವೆ ಬಂತು. 1994ರಲ್ಲಿ ಫ್ರಾನ್ಸಿನ ಜಿಟ್ಜೋ ಕಂಪನಿ ಕಾರ್ಬನ್ ಫೈಬರ್ ಟ್ರೈಪಾಡ್ ತಂದಿತು. ಅಷ್ಟೇ ಗಟ್ಟಿ, ಆದರೆ ಹಗುರ. ಬೆಲೆ ಮಾತ್ರ ಬೆಟ್ಟದಷ್ಟು. ಅಂತೂ ಭಾರ ಹಮಾಲನ ಬೆನ್ನಿನಿಂದ ಇಳಿದು ನಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ಕೂತಿತು! 1995ರಲ್ಲಿ ಕೈನಡುಕವನ್ನು ತಾನೇ ಸರಿಪಡಿಸುವ ಲೆನ್ಸನ್ನು ಕ್ಯಾನನ್ ತಂದಿತು. 2018ರಲ್ಲಿ ಗೂಗಲ್ ತನ್ನ ಫೋನಿಗೆ ಕತ್ತಲಲ್ಲೂ ಕೈಯಲ್ಲೇ ಹಿಡಿದು ತೆಗೆಯುವ ನೈಟ್ ಸೈಟ್ ಕೊಟ್ಟಿತು. ಹಾಗಾದರೆ ಟ್ರೈಪಾಡ್ ಇನ್ನು ಯಾಕೆ ಅಂತ ನನ್ನ ಮಗ ಕೇಳುತ್ತಾನೆ.

ಅದಕ್ಕೆ ನನ್ನ ಹತ್ತಿರ ಉತ್ತರ ಸಿಕ್ಕಿದ್ದು ಕಳಸೂಬಾಯಿಯಲ್ಲಿ. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ನಾವು ಐದು ಜನ, ಎಲ್ಲರೂ ಐವತ್ತು ದಾಟಿದವರು, ಡೊಂಬಿವಲಿಯಿಂದ ಹೋಗಿದ್ದೆವು. ಬುಡದ ಬಾರಿ ಹಳ್ಳಿಯಲ್ಲಿ ಒಬ್ಬ ಹುಡುಗ ಮರಾಠಿಯಲ್ಲಿ, "ಕಾಕಾ, ಬ್ಯಾಗ್ ಕೊಡಿ, ನಾನು ಹೊರ್ತೀನಿ" ಅಂದ. ನನ್ನ ಮಂಡಿ ಮೊದಲೇ ಗೊಣಗುತ್ತಿತ್ತು. ದಿನದ ಕೂಲಿ ಮಾತಾಡಿ, ನೀರು ಮತ್ತು ಬುತ್ತಿಯ ಚೀಲ ಕೊಟ್ಟೆ. ಕ್ಯಾಮೆರಾ, ಟ್ರೈಪಾಡ್ ನನ್ನ ಹತ್ತಿರವೇ ಇಟ್ಟುಕೊಂಡೆ. ಶೋಕಿ ನನ್ನದು, ಅದರ ಭಾರವೂ ನನ್ನದೇ ಇರಲಿ ಅಂತ. ಕಬ್ಬಿಣದ ಏಣಿಗಳ ಹತ್ತಿರ ಒಂದೊಂದು ಗ್ರಾಮೂ ತನ್ನ ಪರಿಚಯ ಹೇಳಿಕೊಂಡಿತು. ತುದಿಯಲ್ಲಿ ಕಳಸೂಬಾಯಿ ದೇವಿಯ ಗುಡಿಯ ಮುಂದೆ ಎಲ್ಲರೂ ಸಾಲಾಗಿ ನಿಂತಾಗ ಆ ಹುಡುಗ ತಾನಾಗಿಯೇ ಕೈ ಚಾಚಿದ, ಕ್ಯಾಮೆರಾ ಕೊಡಿ ಅಂತ. ಹೊರೆ ಹೊತ್ತವನು ಚಿತ್ರದ ಆಚೆ ನಿಲ್ಲುವುದು ಅವನಿಗೆ ರೂಢಿಯೇ ಆಗಿಹೋಗಿತ್ತು. ಟ್ರೈಪಾಡ್ ನಿಲ್ಲಿಸಿ, ಹತ್ತು ಸೆಕೆಂಡಿನ ಟೈಮರ್ ಹಾಕಿ, ಅವನನ್ನೂ ಎಳೆದುಕೊಂಡು ಓಡಿದೆ. ಆರು ಜನರ ಫೋಟೋ ಬಂತು. ಪ್ರಿಂಟ್ ಹಾಕಿಸಿ, ಹಿಂದೆ ಆರೂ ಹೆಸರು ಬರೆದು ಅವನಿಗೆ ಒಂದು ಕಳಿಸಿದೆ. ಫೋನಿನ ನೈಟ್ ಸೈಟ್ ಎಷ್ಟೇ ಜಾಣ ಆಗಿರಲಿ, ಅದನ್ನು ಹಿಡಿಯಲು ಒಬ್ಬರು ಚಿತ್ರದ ಆಚೆ ನಿಲ್ಲಲೇಬೇಕು. ಎಲ್ಲರೂ ಒಳಗೆ ಬರಬೇಕಾದರೆ ಮೂರನೇ ಕಾಲು ಬೇಕು.

ಸರಿ, ಈಗ ಕೊಳ್ಳುವ ಮಾತು. ಚರಿತ್ರೆಯಿಂದ ನಾನು ತೆಗೆದ ಲೆಕ್ಕ ಹೀಗಿದೆ.

ಒಂದು. ಅಂಗಡಿಯಲ್ಲಿ ಎತ್ತಿ ನೋಡಿದ ತೂಕ ತೂಕವಲ್ಲ. ಬೆನ್ನಿಗೆ ಕಟ್ಟಿ ನಿಮ್ಮ ಮನೆಯ ಮಹಡಿ ಮೆಟ್ಟಿಲು ಎರಡು ಸಲ ಹತ್ತಿದ ಮೇಲಿನದು ತೂಕ. ಮನೆಯಲ್ಲೇ ಉಳಿಯುವ ಗಟ್ಟಿ ಟ್ರೈಪಾಡಿಗಿಂತ ಜೊತೆಗೆ ಬರುವ ಸಾಧಾರಣ ಟ್ರೈಪಾಡ್ ಮೇಲು. ನನ್ನದು ಅಲ್ಯುಮಿನಿಯಂ, ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಮಡಚಿದರೆ ಒಂದು ಮೊಳ.

ಎರಡು. ಹಗುರದ ಆಸೆಗೆ ಕಡ್ಡಿಯಂಥ ಕಾಲು ಕೊಳ್ಳಬೇಡಿ. ಕೊಳವೆಯ ದಪ್ಪ ಅಷ್ಟೇ ಇದ್ದು ವ್ಯಾಸ ಅರ್ಧಕ್ಕೆ ಇಳಿದರೆ ಬಾಗದೆ ನಿಲ್ಲುವ ಶಕ್ತಿ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಅಗ್ಗದ ಆಸೆಗೆ ಮುಗ್ಗಲು ಜೋಳ ತಂದ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬದಲಿಗೆ ಎತ್ತರ ಬಿಟ್ಟುಕೊಡಿ. ಎದೆಮಟ್ಟಕ್ಕೆ ಬಂದರೆ ಸಾಕು, ಸ್ವಲ್ಪ ಬಗ್ಗಿದರೆ ಮರ್ಯಾದೆ ಹೋಗೋಲ್ಲ. ಕಾಲು ಬಿಚ್ಚುವಾಗ ಮೇಲಿನ ದಪ್ಪ ಭಾಗ ಮೊದಲು, ಕಡೆಯ ತೆಳು ಭಾಗ ಕೊನೆಗೆ. ನಡುವಿನ ಕಂಬವನ್ನು ಆದಷ್ಟು ಎತ್ತಲೇಬೇಡಿ. ಅದನ್ನು ಪೂರ್ತಿ ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿಕಾಲು ನಿಲ್ಲಿಸಿದ ಹಾಗೆ.

ಮೂರು. ಭಾರ ಬೇಕಾದಾಗ ಬೆಟ್ಟದಲ್ಲೇ ಸಾಲ ತೆಗೆದುಕೊಳ್ಳಿ. ನಡುಕಂಬದ ಕೆಳಗೆ ಕೊಕ್ಕೆ ಇರುವುದನ್ನು ನೋಡಿ ಕೊಳ್ಳಿ. ಒಂದು ಬಟ್ಟೆ ಚೀಲಕ್ಕೆ ಕಲ್ಲು ತುಂಬಿ ಅದಕ್ಕೆ ನೇತುಹಾಕಿ, ಗಾಳಿಗೆ ತೂಗದ ಹಾಗೆ ಚೀಲ ನೆಲಕ್ಕೆ ತಾಗುತ್ತಿರಲಿ. ಇಳಿಯುವಾಗ ಕಲ್ಲು ಅಲ್ಲೇ ವಾಪಸ್. ಬಡ್ಡಿ ಇಲ್ಲದ ಸಾಲ ಇದೊಂದೇ! ಬಟನ್ ಒತ್ತುವ ಬೆರಳಿನ ನಡುಕ ತಪ್ಪಿಸಲು ಎರಡು ಸೆಕೆಂಡಿನ ಟೈಮರ್ ಸಾಕು.

ನಾಲ್ಕು. ಎಲ್ಲ ಬದಲಾದರೂ ಬದಲಾಗದ ಒಂದು ವಸ್ತು ಇದೆ, ಕ್ಯಾಮೆರಾ ಕೂರಿಸುವ ತಿರುಪು. ಕಾಲು ಇಂಚು ದಪ್ಪ, ಇಂಚಿಗೆ 20 ಸುತ್ತು. 1841ರಲ್ಲಿ ಜೋಸೆಫ್ ವಿಟ್ವರ್ತ್ ತಿರುಪುಗಳಿಗೆ ಒಂದು ಕ್ರಮ ಹಾಕಿಕೊಟ್ಟಾಗಲೂ ಕಾಲು ಇಂಚಿಗೆ ಇದೇ 20 ಸುತ್ತು. ಹಾಗಾಗಿ ಸೆಕೆಂಡ್‌ಹ್ಯಾಂಡ್ ಟ್ರೈಪಾಡ್ ಕೊಳ್ಳಲು ಹೆದರಬೇಡಿ, ನಿಮ್ಮ ಕ್ಯಾಮೆರಾ ಅದಕ್ಕೆ ಕೂರುತ್ತೆ. ತಲೆಯ ಮೇಲಿನ ಕಳಚುವ ಪ್ಲೇಟು ಮಾತ್ರ ಆರ್ಕಾ ಮಾದರಿಯದೇ ಇರಲಿ. ಆ ಕಂಪನಿಗೇ ವಿಶೇಷವಾದ ಪ್ಲೇಟು ಕಳೆದುಹೋದರೆ ಇಡೀ ಟ್ರೈಪಾಡ್ ಬಟ್ಟೆ ಒಣಗಿಸುವ ಕೋಲು.

ಇಷ್ಟು ನೋಡಿದರೆ ಎರಡು-ಮೂರು ಸಾವಿರದ ಆಸುಪಾಸಿನಲ್ಲಿ ನಮ್ಮಂಥವರಿಗೆ ಸಾಕಾಗುವ ಟ್ರೈಪಾಡ್ ಸಿಗುತ್ತೆ. ಅಗ್ಗ, ಹಗುರ, ಗಟ್ಟಿ ಮೂರೂ ಒಟ್ಟಿಗೆ ಬರೋಲ್ಲ ಅಂದ ಅಂಗಡಿಯವರ ಮಾತು ಆಗಲೂ ನಿಜವೇ. ಬಾಕಿ ಉಳಿದ ಮೊತ್ತವನ್ನು ಯಾರಾದರೂ ಭರಿಸಲೇಬೇಕು. ಅದನ್ನು ನಮ್ಮ ಹೆಗಲಿನ ಖಾತೆಗೇ ಬರೆದುಕೊಳ್ಳೋಣ ಅನ್ನುವುದಷ್ಟೇ ನನ್ನ ಸಲಹೆ. ಹೊರಲಾಗದಿದ್ದರೆ ಹೊರುವವರಿಗೆ ಸರಿಯಾದ ಕೂಲಿ ಕೊಡೋಣ, ಹೆಸರು ಕೇಳೋಣ, ಫೋಟೋದಲ್ಲಿ ಪಕ್ಕ ನಿಲ್ಲಿಸಿಕೊಳ್ಳೋಣ.

ಮಳೆಗಾಲ ಬರುತ್ತಿದೆ, ಸಹ್ಯಾದ್ರಿ ಹಸಿರಾಗುತ್ತೆ, ಜಲಪಾತಗಳು ಇಳಿಯುತ್ತವೆ. ಹೊರಡುವ ಮುಂಚೆ ಕಾಲುಗಳ ತಿರುಪು ಬಿಗಿ ಮಾಡಿಕೊಳ್ಳಿ. ಟ್ರೈಪಾಡಿನದೂ, ಸಾಧ್ಯವಾದರೆ ಮಂಡಿಯದೂ!